ಏಜೆಂಟ್ ಮೊದಲು ಓದಬೇಕಾದದ್ದು ಕಾನೂನನ್ನು

ಟೆಕ್ಸಾಸ್‌ನಲ್ಲಿ ಜೀವ ವಿಮೆ ಮಾರಲು ಲೈಸೆನ್ಸ್ ಪರೀಕ್ಷೆಗೆ ಕೂರುವ ಅನೇಕರು ಪಾಲಿಸಿ, ಪ್ರೀಮಿಯಂ, ರೈಡರ್‌ಗಳನ್ನು (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳನ್ನು) ಮನಸ್ಸಿಟ್ಟು ಓದುತ್ತಾರೆ. ರಾಜ್ಯದ ಕಾನೂನಿನ ಭಾಗವನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ. ಅದೇ ಪರೀಕ್ಷೆಗೆ ಓದುತ್ತಿರುವ ನನಗೆ ಆ ಭಾಗವೇ ಎಲ್ಲಕ್ಕಿಂತ ಮುಖ್ಯ ಎನಿಸಿದೆ.

ಅಮೆರಿಕದಲ್ಲಿ ವಿಮೆಯ ಲಗಾಮು ರಾಜ್ಯಗಳ ಕೈಯಲ್ಲಿದೆ. ವಿಮೆಯೂ ಅಂತರರಾಜ್ಯ ವ್ಯಾಪಾರವೇ, ಹಾಗಾಗಿ ಅದು ಕೇಂದ್ರದ ಅಧಿಕಾರದ ವ್ಯಾಪ್ತಿಗೂ ಬರುತ್ತದೆ ಎಂದು 1944ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಮೆಕ್‌ಕ್ಯಾರನ್-ಫರ್ಗ್ಯೂಸನ್ ಕಾಯ್ದೆ ಬಂದು ಅಧಿಕಾರವನ್ನು ರಾಜ್ಯಗಳಿಗೇ ಉಳಿಸಿತು. ಹಾಗಾಗಿ ಡಲ್ಲಾಸಿನ ಏಜೆಂಟ್ ಪಕ್ಕದ ಒಕ್ಲಹೋಮದಲ್ಲಿ ಮಾರಲು ಅಲ್ಲಿನ ಲೈಸೆನ್ಸನ್ನೂ ಪಡೆಯಬೇಕು. ಭಾರತದಲ್ಲಿ ಇಡೀ ದೇಶಕ್ಕೆ ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಒಂದೇ.

ನಮ್ಮೂರಿನ ಎಲ್‌ಐಸಿ ಏಜೆಂಟರು "ಸರ್ಕಾರದ ಗ್ಯಾರಂಟಿ ಇದೆ ಸ್ವಾಮಿ, ಚಿಂತೆ ಬಿಡಿ" ಎಂದೇ ಮಾತು ಶುರುಮಾಡುತ್ತಾರೆ. 1956ರ ಎಲ್‌ಐಸಿ ಕಾಯ್ದೆಯ 37ನೇ ಸೆಕ್ಷನ್‌ ಪ್ರಕಾರ ಅದು ನಿಜ. ಟೆಕ್ಸಾಸ್‌ನಲ್ಲೂ ವಿಮಾ ಕಂಪನಿ ದಿವಾಳಿಯಾದರೆ ಗ್ಯಾರಂಟಿ ಸಂಘವೊಂದು ಮರಣ ಪರಿಹಾರವನ್ನು 3 ಲಕ್ಷ ಡಾಲರ್‌ವರೆಗೆ ಭರಿಸುತ್ತದೆ. ಆದರೆ ಆ ರಕ್ಷಣೆಯನ್ನು ಮುಂದಿಟ್ಟು ಪಾಲಿಸಿ ಮಾರುವುದು ಅಲ್ಲಿ ಕಾನೂನಿಗೆ ವಿರುದ್ಧ. ಕೊಳ್ಳುವವರು ಕಂಪನಿಯ ಬಲಾಬಲ ನೋಡಿ ಕೊಳ್ಳಲಿ ಎಂಬುದು ಇದರ ಉದ್ದೇಶ. ಗ್ರಾಹಕನ ವಿವೇಚನೆಗೆ ಇಷ್ಟು ಬೆಲೆ ಕೊಡುವ ಈ ನಿಯಮ ನನಗೆ ಬಹಳ ಹಿಡಿಸಿತು.

ಕಮಿಷನ್ನಿನಲ್ಲಿ ಪಾಲು ಕೊಟ್ಟು ಗ್ರಾಹಕರನ್ನು ಸೆಳೆಯುವುದು ಎರಡೂ ಕಡೆ ನಿಷಿದ್ಧ. ನಮ್ಮಲ್ಲಿ 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಇದನ್ನು ತಡೆಯುತ್ತದೆ. ದಂಡ 10 ಲಕ್ಷ ರೂಪಾಯಿವರೆಗೆ. ಆದರೂ "ಮೊದಲ ಕಂತು ನೀವೇ ಕಟ್ಟುತ್ತೀರಲ್ಲವೇ?" ಎಂದು ಏಜೆಂಟರನ್ನು ಕೇಳುವ ಓದುಬರಹ ಬಲ್ಲವರನ್ನು ಬೆಂಗಳೂರಿನಲ್ಲಿ ಕಂಡಿದ್ದೇನೆ. ಹೀಗೆ ಕಂತು ಕಟ್ಟಿದ ಏಜೆಂಟ್ ಹೆಚ್ಚು ಕಮಿಷನ್ ಬರುವ ಪಾಲಿಸಿಯತ್ತಲೇ ವಾಲುತ್ತಾನೆ, ಆ ಕುಟುಂಬಕ್ಕೆ ನಿಗದಿತ ಅವಧಿಗೆ ಮಾತ್ರ ರಕ್ಷಣೆ ಕೊಡುವ ಅಗ್ಗದ ಟರ್ಮ್ ಪಾಲಿಸಿಯೇ ಸಾಕಾಗಿದ್ದರೂ.

ಭಾರತದ ಒಂದು ಕ್ರಮವನ್ನು ಮಾತ್ರ ಮೆಚ್ಚಲೇಬೇಕು. ಏಜೆಂಟರ ಪರೀಕ್ಷೆಯ ಪಠ್ಯ ಅಲ್ಲಿ ಕನ್ನಡದಲ್ಲೂ ಸಿಗುತ್ತದೆ. ಕನ್ನಡದಲ್ಲಿ ಓದಿಕೊಂಡವರು ಮಂಡ್ಯದ ರೈತರಿಗೆ ಷರತ್ತುಗಳನ್ನು ಬಿಡಿಸಿ ಹೇಳಬಲ್ಲರು.

ಅಮೆರಿಕದ ಕನ್ನಡಿಗರಲ್ಲಿ ವಿಮೆ ಹೆಚ್ಚಾಗಿ ಪರಿಚಯದವರ ಮೂಲಕವೇ ಮಾರಾಟವಾಗುತ್ತದೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೇ ಮರುವಾರ ಪಾಲಿಸಿ ಹಿಡಿದು ಮನೆಗೆ ಬರುತ್ತಾರೆ. ಸ್ನೇಹಕ್ಕೆ ಕಟ್ಟುಬಿದ್ದು ನಾವು ಪ್ರಶ್ನೆ ಕೇಳುವುದಿಲ್ಲ. ಕೇಳಬೇಕು. ಟೆಕ್ಸಾಸ್ ವಿಮಾ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿದರೆ ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಹಿ ಹಾಕುವ ಮುಂಚೆ ಅದನ್ನು ನೋಡಿಕೊಂಡರೆ ಯಾವ ಸ್ನೇಹಿತರೂ ಬೇಸರಪಟ್ಟುಕೊಳ್ಳಬೇಕಾಗಿಲ್ಲ.