ಈಟ್, ಏಟೊ, ಈಟನ್

ಟೋಕಿಯೋದ ಎದೊಗಾವಾದಲ್ಲಿ ನಾವಿದ್ದ ಮನೆಯ ಪಕ್ಕದಲ್ಲಿ 70 ದಾಟಿದ ಅಜ್ಜಿಯೊಬ್ಬರು ಇದ್ದರು. ಅವರಿಗೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಕಲಿಯುವ ಹುಚ್ಚು ಹಿಡಿಯಿತು. ಕಾರಣ ಮೊಮ್ಮಗ. ಜಪಾನಿನಲ್ಲಿ 2020ರಿಂದ ಐದನೇ ಕ್ಲಾಸಿಗೇ ಇಂಗ್ಲಿಷ್ ಒಂದು ಸಬ್ಜೆಕ್ಟು. ಆ ಪೋರ ಬಂದಾಗಲೆಲ್ಲ ಅಜ್ಜಿಯ ಮುಂದೆ ಠುಸ್‌ಪುಸ್ ಅನ್ನುತ್ತಿದ್ದನಂತೆ. ಭಾರತದವನಿಗೆ ಇಂಗ್ಲಿಷ್ ಬಂದೇ ಬರುತ್ತೆ ಅಂತ ಅವರು ನನ್ನನ್ನು ಹಿಡಿದರು. ಮೊದಲ ದಿನವೇ 'ಸೆನ್ಸೇ' ಅಂದುಬಿಟ್ಟರು, ಅಂದರೆ ಮೇಷ್ಟ್ರೇ. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ನಾನು ದಡ ಸೇರಿದ್ದು ಹೇಗೆ ಅಂತ ನನಗೇ ಗೊತ್ತು. ಸುಮ್ನೆ ತಲೆ ಬಗ್ಗಿಸಿ ನಮಸ್ಕಾರ ಮಾಡಿದೆ.

ಅಜ್ಜಿಯ ಶಿಸ್ತು ನೋಡಬೇಕು. ಬೆರಳುದ್ದದ ಕಾರ್ಡುಗಳು, ಮೂಲೆಯಲ್ಲಿ ತೂತು, ಎಲ್ಲಕ್ಕೂ ಸೇರಿ ಒಂದು ರಿಂಗು. ಮುಂದೆ ಇಂಗ್ಲಿಷ್ ಪದ, ಹಿಂದೆ ಜಪಾನಿ ಅರ್ಥ. ಅಲ್ಲಿನ ಸ್ಕೂಲು ಮಕ್ಕಳು ರೈಲಿನಲ್ಲಿ ಜಪಮಾಲೆ ತಿರುಗಿಸಿದ ಹಾಗೆ ತಿರುಗಿಸುತ್ತಾ ಕೂತಿರುತ್ತಾರೆ.

ಮೊದಲ ಟೆಸ್ಟು. ಹತ್ತು ಪದ, ಹತ್ತೂ ಸರಿ. ಖುಷಿಯಿಂದ ಕೆಂಪು ಪೆನ್ನಲ್ಲಿ ಹತ್ತಕ್ಕೂ ದೊಡ್ಡ ದೊಡ್ಡ ರೈಟ್ ಮಾರ್ಕ್ ಹಾಕಿದೆ. ಅಜ್ಜಿಯ ಮುಖ ಬಾಡಿಹೋಯಿತು. "ತಪ್ಪಾಯಿತು ಸೆನ್ಸೇ, ಇನ್ನೂ ಚೆನ್ನಾಗಿ ಓದುತ್ತೇನೆ" ಅಂತ ಎದ್ದು ಹೋದರು. ಮಾರನೇ ದಿನ ಆಫೀಸಿನಲ್ಲಿ ವಿಚಾರಿಸಿದಾಗ ಗುಟ್ಟು ಬಯಲಾಯಿತು. ಅಲ್ಲಿ ಉತ್ತರ ಸರಿ ಇದ್ದರೆ ಸೊನ್ನೆ ಸುತ್ತುತ್ತಾರೆ. ನಮ್ಮ ರೈಟ್ ಮಾರ್ಕ್ ಇದೆಯಲ್ಲ, ಅದು ತಪ್ಪಿನ ಗುರುತು! ನಾನೋ ಸೊನ್ನೆ ಬಂದರೆ ಬಾಸುಂಡೆಯೂ ಬರುತ್ತಿದ್ದ ಸ್ಕೂಲಿನಲ್ಲಿ ಓದಿದವನು.

ಆಮೇಲೆ ಪಾಸ್ಟ್ ಟೆನ್ಸ್. ಜಪಾನಿಯಲ್ಲಿ ಹಠ ಮಾಡುವ ಕ್ರಿಯಾಪದ ಹೆಚ್ಚುಕಮ್ಮಿ ಎರಡೇ. ಉಳಿದವು ತೆಪ್ಪಗೆ 'ತ' ಅಥವಾ 'ದ' ಹಚ್ಚಿಕೊಳ್ಳುತ್ತವೆ. 'ತಬೆರು' ನಿನ್ನೆಗೆ 'ತಬೆತ', ನಮ್ಮ ತಿನ್ನು ತಿಂದ ಆಗುವ ಹಾಗೆ. ಇಂಗ್ಲಿಷಿನಲ್ಲಿ ಗೋ ಎಲ್ಲಿ, ವೆಂಟ್ ಎಲ್ಲಿ? ಕಟ್ ಮಾತ್ರ ನಿನ್ನೆಯೂ ಕಟ್, ಇವತ್ತೂ ಕಟ್. "ಯಾಕೆ ಹೀಗೆ?" ಅಂದರು ಅಜ್ಜಿ. ನಮ್ಮ ಮೇಷ್ಟ್ರು ಕೊಟ್ಟ ಉತ್ತರವನ್ನೇ ದಾಟಿಸಿದೆ: "ಬಾಯಿಪಾಠ ಮಾಡಿ."

ಮುಂದಿನ ವಾರ ಕೇಳಿದೆ, "ಈಟ್?"

ಅಜ್ಜಿ ಸೂರು ನೋಡುತ್ತಾ "ಏಟೊ…" ಅಂದರು.

"ವೆರಿ ಗುಡ್!"

ಅಜ್ಜಿ ಕಣ್ಣುಕಣ್ಣು ಬಿಟ್ಟರು. ಇಂಗ್ಲಿಷ್ ಪದದ ಬಾಲಕ್ಕೆ ಒಂದು ಸ್ವರ ಅಂಟಿಸುವುದು ಅವರ ರೂಢಿ. ಬಸ್ಸು, ಪೆನ್ನು ಅನ್ನುವ ನಾವು ನಗುವ ಹಾಗಿಲ್ಲ ಬಿಡಿ. ಏಟ್ ಅನ್ನೋದು ಏಟೊ ಆಗಿದೆ ಅಂದುಕೊಂಡೆ.

"ಗೋ?"

"ಏಟೊ…"

"ಸೀ?"

"ಏಟೊ…"

ಆಗ ಹೊಳೆಯಿತು. ಜಪಾನಿಯವರು ಯೋಚಿಸುವಾಗ ಎಳೆಯುವ ರಾಗ ಅದು. 'ಅದೂ… ಏನಪ್ಪಾ ಅದು' ಅಂತೀವಲ್ಲ, ಹಾಗೆ. ನಾನು ಶಹಬ್ಬಾಸ್ ಅಂದಿದ್ದು ಅದಕ್ಕೆ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಲಿಫ್ಟಿನ ಹತ್ತಿರ ಸಿಕ್ಕರು. ಕೈಯಲ್ಲಿ ಔಷಧಿ ಚೀಲ. "ಡಿಡ್ ಯು ವೆಂಟ್ ಟು ಹಾಸ್ಪಿಟಲ್?" ಅಂದೆ. ಅಜ್ಜಿ ನಿಂತೇಬಿಟ್ಟರು. ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ವಾಕ್ಯವನ್ನು ಅಕ್ಷರ ಬಿಡದೆ ಬರೆದುಕೊಂಡರು. ಈ ವಯಸ್ಸಿನಲ್ಲೂ ಎಂಥ ಶ್ರದ್ಧೆ ಅಂತ ಬಗ್ಗಿ ನೋಡಿದೆ. 'ವೆಂಟ್' ಕೆಳಗೊಂದು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡದಾಗಿ ರೈಟ್ ಮಾರ್ಕ್ ಹಾಕುತ್ತಿದ್ದರು.