ಗ್ಲಾಕೋಮಾಕ್ಕೆ ಆಂಟಿಬಯಾಟಿಕ್ ಕೇಳುವ ಮುನ್ನ

‘ಗ್ಲಾಕೋಮಾ ಬರುವುದು ಹೊಟ್ಟೆಯ ಬ್ಯಾಕ್ಟೀರಿಯಾದಿಂದ, ಎರಡು ವಾರ ಮಾತ್ರೆ ನುಂಗಿದರೆ ವಾಸಿ’ ಎಂಬ ಧಾಟಿಯ ಮಾತು ಆಗಾಗ ಕಿವಿಗೆ ಬೀಳುತ್ತದೆ. ಗ್ಲಾಕೋಮಾ ಎಂದರೆ ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿಯ ನರ ಮೆಲ್ಲನೆ ಹಾಳಾಗುವ ರೋಗ. ಶುದ್ಧ ಕಟ್ಟುಕಥೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದರಲ್ಲಿ ಒಂದೆಳೆ ನಿಜವಿದೆ, ತಲೆನೋವು ಅದೇ.

2001ರಲ್ಲಿ ಗ್ರೀಸ್‌ನ ವೈದ್ಯರು ಗ್ಲಾಕೋಮಾ ಇದ್ದವರಿಗೆ ಎಂಡೋಸ್ಕೋಪಿ ಮಾಡಿ ನೋಡಿದಾಗ, ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅವರಲ್ಲಿ ಉಳಿದವರಿಗಿಂತ ಹೆಚ್ಚಾಗಿ ಸಿಕ್ಕಿತು. ಅದನ್ನು ನಿರ್ಮೂಲ ಮಾಡಿದ ಮೇಲೆ ಕಣ್ಣಿನ ಒತ್ತಡವೂ ತಗ್ಗಿತೆಂದು ಅದೇ ತಂಡ ಮರುವರ್ಷ ವರದಿ ಮಾಡಿತು. ಆಮೇಲೆ ಬೇರೆಯವರು ನಡೆಸಿದ ಅಧ್ಯಯನಗಳಲ್ಲಿ ಕೆಲವು ನಂಟು ಇದೆ ಎಂದವು, ಕೆಲವು ಇಲ್ಲ ಎಂದವು. ನನಗೇನೂ ಅಚ್ಚರಿಯಿಲ್ಲ. ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದ್ದೀತು. ವಯಸ್ಸಾದವರಲ್ಲಿ ಅದೂ ಹೆಚ್ಚು, ಗ್ಲಾಕೋಮಾವೂ ಹೆಚ್ಚು. ರಕ್ತಪರೀಕ್ಷೆಯನ್ನೇ ನಂಬೋಣವೆಂದರೆ, ಎಂದೋ ವಾಸಿಯಾದ ಸೋಂಕಿನ ಪ್ರತಿಕಾಯವೂ ಅದರಲ್ಲಿ ಕಾಣಿಸಿಕೊಳ್ಳುತ್ತದೆ.

ನನಗೆ ಇದಕ್ಕಿಂತ ಗಟ್ಟಿಯೆನಿಸುವುದು 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಷೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯವರು ಪ್ರಕಟಿಸಿದ ಕೆಲಸ. ಇಲಿಗಳ ಕಣ್ಣಿನ ಒತ್ತಡ ಏರಿಸಿದಾಗ ರೋಗನಿರೋಧಕ ಟಿ ಕೋಶಗಳು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದೊಳಗೆ ನುಗ್ಗಿದವು. ಒತ್ತಡ ಇಳಿದ ಮೇಲೂ ನರಕೋಶಗಳು ಸಾಯುತ್ತಲೇ ಹೋದವು. ಬ್ಯಾಕ್ಟೀರಿಯಾ ಸೋಂಕದಂತೆ ಸಾಕಿದ ಇಲಿಗಳಲ್ಲಿ ಈ ಹಾನಿ ಆಗಲೇ ಇಲ್ಲ. ನಮ್ಮೊಳಗಿನ ಬ್ಯಾಕ್ಟೀರಿಯಾದ ಹೀಟ್ ಶಾಕ್ ಪ್ರೋಟೀನ್‌ಗೂ (ಬಿಸಿಯಂಥ ಆಘಾತಕ್ಕೆ ಸಿಕ್ಕಾಗ ಜೀವಕೋಶ ತಯಾರಿಸುವ ಪ್ರೋಟೀನ್) ರೆಟಿನಾದ ಪ್ರೋಟೀನ್‌ಗೂ ಹೋಲಿಕೆಯಿದೆ. ಮೊದಲನೆಯದರ ಮೇಲೆ ಹಗೆ ಸಾಧಿಸಲು ಕಲಿತ ಟಿ ಕೋಶ ಎರಡನೆಯದರ ಮೇಲೂ ಎರಗುತ್ತದೆ. ಒತ್ತಡ ಹತೋಟಿಗೆ ಬಂದರೂ ಕೆಲವರ ದೃಷ್ಟಿ ಏಕೆ ಕುಗ್ಗುತ್ತಲೇ ಹೋಗುತ್ತದೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ಆದರೆ ಗಮನಿಸಿ: ಇವು ರೋಗ ತರುವ ಬ್ಯಾಕ್ಟೀರಿಯಾ ಅಲ್ಲ, ಮೈಯಲ್ಲಿ ಸದಾ ಇರುವಂಥವು. ಅವನ್ನು ಯಾವ ಮಾತ್ರೆಯಿಂದ ಗುಡಿಸಿ ಹಾಕುತ್ತೀರಿ?

ಮಾತ್ರೆಯ ಆಸೆ ಅರ್ಥವಾಗದ್ದೇನಲ್ಲ. ಈಗಿನ ಸಾಮಾನ್ಯ ಚಿಕಿತ್ಸೆ ಕಣ್ಣಿನ ಒತ್ತಡ ತಗ್ಗಿಸುವ ಹನಿಮದ್ದು: ಕತ್ತು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು, ಒಂದು ಹನಿ ಬಿಟ್ಟು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿಕೊಂಡು ಕೂರಬೇಕು, ದಿನವೂ, ಬದುಕಿರುವವರೆಗೂ. ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ನೋಟವಂತೂ ಕೂದಲೆಳೆಯಷ್ಟೂ ಸುಧಾರಿಸುವುದಿಲ್ಲ. ಹೋದ ದೃಷ್ಟಿ ಮರಳದು. ಹನಿ ಉಳಿಸುವುದು ಇರುವುದನ್ನು ಮಾತ್ರ. ಹೀಗಿರುವಾಗ ‘ಎರಡು ವಾರದಲ್ಲಿ ವಾಸಿ’ ಎಂದರೆ ಯಾರ ಮನಸ್ಸು ತಾನೇ ಜಾರದು?

ಪೈಲೋರಿ ಪತ್ತೆಯಾದರೆ ಹೊಟ್ಟೆಯ ಸಲುವಾಗಿ ಚಿಕಿತ್ಸೆ ಪಡೆಯಿರಿ. ಕಣ್ಣಿನ ಪ್ರಶ್ನೆಗೆ ಉತ್ತರ ಬೇಕೆಂದರೆ, ಪೈಲೋರಿಯೂ ಗ್ಲಾಕೋಮಾವೂ ಇರುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಈಗಲೇ, ಇನ್ನೊಂದಕ್ಕೆ ತಡವಾಗಿ ಆಂಟಿಬಯಾಟಿಕ್ ಕೊಟ್ಟು, ದೃಷ್ಟಿಯ ವ್ಯಾಪ್ತಿಯನ್ನು ಅಳೆಯುತ್ತಾ ಹೋಗುವ ದೊಡ್ಡ ಪ್ರಯೋಗ ನಡೆಯಬೇಕು. ಎರಡೂ ಗುಂಪಿನವರ ಹನಿಮದ್ದು ಮಾತ್ರ ಒಂದು ದಿನವೂ ತಪ್ಪಬಾರದು.