ಮಳೆ ರಜೆಯ ಪಾಸ್ಟ್ ಟೆನ್ಸ್

ಜೋರು ಮಳೆ ಅಂತ ಡಿಸಿ ಸಾಹೇಬರು ಶಾಲೆಗೆ ರಜೆ ಕೊಡುತ್ತಾರೆ. ಆ ಸುದ್ದಿ ಬಂದು ಅರ್ಧ ಗಂಟೆ ಆಗಿರುವುದಿಲ್ಲ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೋಂವರ್ಕ್ ಬಂದು ಕೂತಿರುತ್ತದೆ. ಈ ಸಲ ಪಾಸ್ಟ್ ಟೆನ್ಸ್. 'ರಜೆಯಲ್ಲಿ ನಿಮ್ಮ ಮನೆಯಲ್ಲಿ ನಡೆದ ಹತ್ತು ಸಂಗತಿಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಹತ್ತಕ್ಕೂ ಬೇರೆ ಬೇರೆ ಕ್ರಿಯಾಪದ ಇರಬೇಕು. ಪೋಷಕರು ಸಹಕರಿಸಿ.' ಕೆಳಗೆ ಕೈ ಮುಗಿದ ಚಿತ್ರ ಬೇರೆ. ಹತ್ತು ಸಂಗತಿ! ಜುಲೈ ತಿಂಗಳ ಶಿವಮೊಗ್ಗದಲ್ಲಿ, ಒಣಗದ ಬಟ್ಟೆಗಳ ನಡುವೆ, ಕರೆಂಟಿಲ್ಲದ ಮನೆಯೊಳಗೆ ಏನು ತಾನೇ ನಡೆಯುತ್ತೆ ಹೇಳಿ?

ಮೂರನೇ ಕ್ಲಾಸಿನ ನನ್ನ ಮಗನಿಗೆ ಎಲ್ಲದಕ್ಕೂ 'ಎಡ್' ಅಂಟಿಸುವ ಚಾಳಿ. ಗೋ ಇದ್ದದ್ದು ಗೋಡ್, ಈಟ್ ಇದ್ದದ್ದು ಈಟೆಡ್. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಚಿಕ್ಕವರಿದ್ದಾಗ ಹೀಗೇ ಹೇಳುತ್ತವೆ, ಹಾಗಾಗಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ನಿಯಮ ನಂಬಿದವನಿಗೆ ಆ ಭಾಷೆ ಮಾಡುವ ಅನ್ಯಾಯ ನೋಡಿದರೆ ನನಗೇ ಪಾಪ ಅನ್ನಿಸುತ್ತೆ. ವಾಕ್ಡ್‌ನಲ್ಲಿ ಬರೆಯುವುದು 'ಎಡ್', ಬಾಯಲ್ಲಿ ಬರುವುದು 'ಟ್'. ಪ್ಲೇಡ್‌ನಲ್ಲಿ 'ಡ್'. ವಾಂಟೆಡ್‌ನಲ್ಲಿ 'ಇಡ್'. ಕಟ್, ಪುಟ್, ಹಿಟ್ ನಿನ್ನೆಯೂ ಹಾಗೇ, ಇವತ್ತೂ ಹಾಗೇ. ಗೋ ಹೇಗೆ ವೆಂಟ್ ಆಯ್ತು ಅಂತ ಕೇಳಿದ. ವೆಂಟ್ ಮೊದಲು ವೆಂಡ್ ಅನ್ನೋ ಬೇರೆ ಪದದ್ದಾಗಿತ್ತು, ಗೋ ಅದನ್ನು ತನ್ನದು ಮಾಡಿಕೊಂಡಿತು ಅಂದೆ. "ಕದ್ದಿದ್ದಾ?" ಅಂದ. ಹೂಂ ಅಂದೆ. ಆಮೇಲೆ ಅದೊಂದನ್ನು ಮಾತ್ರ ಅವನು ಮರೆತಿಲ್ಲ.

ಇದನ್ನೆಲ್ಲ ಹೇಗೋ ದಾಟಬಹುದು. ಅಸಲಿ ತೊಂದರೆ ಅಂದರೆ ನನ್ನ ಮಗ ಸುಳ್ಳು ಬರೆಯುವುದಿಲ್ಲ.

"ಚೆಂಡು ಹಿಡಿದೆ ಅಂತ ಬರಿ, ಕ್ಯಾಚ್, ಕಾಟ್."

"ನಾನೆಲ್ಲಿ ಹಿಡಿದೆ? ಮಳೆ ಅಲ್ವಾ."

"ಹಾಡಿದೆ ಅಂತ ಬರಿ."

"ನಾನು ಹಾಡೇ ಇಲ್ಲವಲ್ಲ." ಸ್ವಲ್ಪ ಯೋಚಿಸಿ, "ಈಗ ಹಾಡಿದರೆ ಅದು ಪಾಸ್ಟ್ ಆಗುತ್ತಾ?"

"ಮುಗಿದ ಮೇಲೆ ಆಗುತ್ತೆ ಮಾರಾಯ, ಹಾಡು!"

ಹಾಡಿದ. ಸ್ಯಾಂಗ್ ಬರೆದ. ಅಲ್ಲಿಂದ ಮನೆಯವರೆಲ್ಲ ಕ್ರಿಯಾಪದಕ್ಕಾಗಿ ದುಡಿಯಲು ಶುರು ಮಾಡಿದೆವು. ಡ್ರ್ಯಾಂಕ್ ಬೇಕು ಅಂತ ಅತ್ತೆ ಕಾಳುಮೆಣಸಿನ ಕಷಾಯ ಮಾಡಿ ಕುಡಿಸಿದರು. ಬ್ರೋಕ್‌ಗೆ ಹಳೇ ಪೆನ್ಸಿಲ್ ಮುರಿದಾಯ್ತು. ಸಿಂಕ್, ಸ್ಯಾಂಕ್ ನನ್ನ ಪಾಲಿಗಿರಲಿ ಅಂತ ನಮ್ಮನೆಯವರು ಅವನನ್ನು ತುಂಗೆ ಸೇತುವೆಗೆ ಕರೆದುಕೊಂಡು ಹೋದರು. ಗಾಜನೂರು ಡ್ಯಾಮಿನ ಗೇಟು ತೆಗೆದರೆ ಊರವರಿಗೆ ಇರೋದು ಒಂದೇ ಪ್ರಶ್ನೆ: ಹೊಳೆಯೊಳಗಿನ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ? ಸೇತುವೆ ಮೇಲೆ ಸಾಲಾಗಿ ಕೊಡೆಗಳು, ಕೊಡೆಗೊಂದು ಮೊಬೈಲು. ಮಂಟಪದ ಕಂಬಗಳು ಕೆಂಪು ನೀರಿನಲ್ಲಿದ್ದವು, ತಲೆ ಮಾತ್ರ ಕಾಣುತ್ತಿತ್ತು.

"ಪೂರ್ತಿ ಮುಳುಗಿಲ್ಲ. ಸ್ಯಾಂಕ್ ಬರೆಯೋಕಾಗಲ್ಲ" ಅಂತ ಮಗರಾಯ ತೀರ್ಪು ಕೊಟ್ಟ.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು "ಸಂಜೆ ಹೊತ್ತಿಗೆ ಮುಳುಗುತ್ತೆ, ಆಗ ಬಾ ಪುಟ್ಟಾ" ಅಂದರಂತೆ. ಸಂಜೆ ಮತ್ತೆ ಹೋದರು. ಅಷ್ಟರಲ್ಲಿ ನೀರು ಇಳಿದಿತ್ತು. ಇಷ್ಟೆಲ್ಲ ಪೆಟ್ರೋಲ್ ಸುಟ್ಟು ಸಿಕ್ಕಿದ್ದು ಒಂದು 'ಸಾ'. ವಿ ಸಾ ದ ಮಂಟಪ.

ಆ ಸಿಟ್ಟಿನಲ್ಲೇ ಇರಬೇಕು, ವಾಪಸ್ ಬಂದು ಗಾಡಿ ನಿಲ್ಲಿಸಿ ದಡದಡ ಬರುವಾಗ ಇವರು ಅಂಗಳದ ಪಾಚಿ ಮೇಲೆ ಜಾರಿ ಕೂತೇಬಿಟ್ಟರು. "ಅಪ್ಪ ಬಿದ್ದ್ರು! ಅಪ್ಪ ಬಿದ್ದ್ರು!" ಅಂತ ಮಗ ಕೂಗಿಕೊಂಡು ಒಳಗೆ ಓಡಿ ಬಂದ. ಗಾಬರಿ ಪಾಪ ಅಂದುಕೊಂಡೆ. ಸೀದಾ ಹೋಗಿ ನೋಟ್‌ಬುಕ್ ತೆಗೆದ. 'ಮೈ ಫಾದರ್ ಫಾಲ್ಡ್.' ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಇವರು ಆ ನೋವಿನಲ್ಲೂ, "ಫೆಲ್ ಕಣೋ, ಫೆಲ್" ಅಂತ ತಿದ್ದಿದರು.

ಇವರ ಸೊಂಟಕ್ಕೆ ಮುಲಾಮು ತಿಕ್ಕುತ್ತಿದ್ದಾಗ ಮಗ ಕೇಳಿದ, "ಅಮ್ಮಾ, ನೀನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಏನು ಮಾಡ್ತಿದ್ದೆ?" ತೀರ್ಥಹಳ್ಳಿ ಕಡೆಯ ನಮ್ಮೂರು ಕಣ್ಣ ಮುಂದೆ ಬಂತು. ಗದ್ದೆಗೆ ಹತ್ತಿ ಬರುವ ಮೀನು ಹಿಡಿದದ್ದು, ನಡುಗುತ್ತಾ ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಿದ್ದು, ಹಳ್ಳದಲ್ಲಿ ಚಪ್ಪಲಿ ಕಳೆದದ್ದು, ಕಾಲಿಗೆ ಕಚ್ಚಿ ರಕ್ತ ಹೀರುವ ಉಂಬಳ ಕಿತ್ತದ್ದು, ಬಚ್ಚಲೊಲೆಯಲ್ಲಿ ಹಲಸಿನ ಬೀಜ ಸುಟ್ಟು ತಿಂದದ್ದು. ಶಾಲೆಗೆ ಹೋಗಿ ಬರುವುದರೊಳಗೆ ಹತ್ತಲ್ಲ, ಇಪ್ಪತ್ತು ಕ್ರಿಯಾಪದ ಸಿಗುತ್ತಿದ್ದವು. ಆಗ ಯಾರೂ ಕೇಳಲಿಲ್ಲ. ನಮಗೆ ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ನನ್ನ ಮಗನ ಪುಟದಲ್ಲಿ 'ವಾಚ್ಡ್' ಒಂದನ್ನೇ ಮೂರು ಕಡೆ ಬರೆದು ಹೊಡೆದು ಹಾಕಿತ್ತು. ಟಿವಿ, ಮೊಬೈಲು, ಮಳೆ.

"ನನ್ನದನ್ನೇ ಬರಿ ಬೇಕಾದರೆ" ಅಂದೆ.

"ಅದು ನಿನ್ನ ಪಾಸ್ಟ್ ಅಲ್ವಾ" ಅಂದ.

ಶಾಲೆ ಶುರುವಾಗಿ ನೋಟ್‌ಬುಕ್ ತಿದ್ದಿ ಬಂತು. 'ಫೆಲ್' ಪಕ್ಕದಲ್ಲಿ ದೊಡ್ಡ ಸ್ಟಾರು. ಪೋಷಕರ ಸಭೆಗೆ ಹೋದರೆ ಮಿಸ್ ಮಾರ್ಕ್ಸ್ ಸುದ್ದಿ ಎತ್ತುವ ಮೊದಲೇ, "ಸೊಂಟ ಹೇಗಿದೆ ಸಾರ್?" ಅಂದರು. ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ತಿರುಗಿ ನೋಡಿದರು. ಮುಂದಿನ ಪಾಠ ಫ್ಯೂಚರ್ ಟೆನ್ಸ್ ಅಂತೆ. ಇವರು ಬರುವ ದಾರಿಯಲ್ಲೇ ಅಂಗಳಕ್ಕೆ ಅಂತ ಬ್ಲೀಚಿಂಗ್ ಪೌಡರ್ ತಗೊಂಡರು.